ಪೆಟ್ಟಿಗೆಯ ಕೊನೆಯ ಸಿಗಾರ್

ನಾನು ಒಂದು ಸಿಗಾರ್. ಚುಟ್ಟಾ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ಚುಟ್ಟಾದ ಮೇಲೆ ದ್ವೇಷವೇನಿಲ್ಲ, ಅದೂ ನಮ್ಮ ಬಳಗವೇ. ಆದರೆ ನನ್ನ ಹಿಂದೆ ಮೂರು ಬಗೆಯ ಎಲೆ, ಎರಡು ವರ್ಷದ ಕಾಯುವಿಕೆ, ಒಬ್ಬ ಹೆಂಗಸಿನ ಕಾಲು ಗಂಟೆಯ ಪೂರ್ತಿ ಗಮನ ಇದೆ. ಅದನ್ನು ಮರೆತು ಮಾತಾಡಿದರೆ ಸಹಿಸಲಾಗುವುದಿಲ್ಲ.

ನಮ್ಮವರು ಹುಟ್ಟುವುದೇ ಬೆಂಕಿಗೆ. ಇದು ನಮಗೆ ಮೊದಲಿನಿಂದಲೂ ಗೊತ್ತು, ಯಾರೂ ಅದಕ್ಕಾಗಿ ಅಳುವುದಿಲ್ಲ. ಒಳ್ಳೆಯ ಕೈಗೆ ಬಿದ್ದ ಸಿಗಾರ್ ಒಂದು ಗಂಟೆ ಉರಿಯುತ್ತದೆ. ಆ ಒಂದು ಗಂಟೆಯೇ ಅದರ ಬದುಕು, ಅದಕ್ಕೆ ಮುಂಚಿನದೆಲ್ಲ ಬರೀ ಕಾಯುವುದು. ನನಗೆ ಆ ಗಂಟೆ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದನ್ನು ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ನಿಜವಾಗಿ ಯಾರಿಗೆ ಹೇಳಬೇಕೋ ಅವರಿಗೆ ನನ್ನ ಮಾತು ಕೇಳಿಸುವುದಿಲ್ಲ.

ನಾನು ಹುಟ್ಟಿದ್ದು ಹುಣಸೂರಿನ ಆಚೆ, ಶೀಟು ಹೊದಿಸಿದ ಒಂದು ಉದ್ದನೆಯ ಕೊಠಡಿಯಲ್ಲಿ. ಆ ಕಡೆಯ ಊರುಗಳಲ್ಲಿ ಸಿಗರೇಟಿನ ಎಲೆಯನ್ನು ಬ್ಯಾರನ್ ಎಂಬ ಒಣಗುಮನೆಗೆ ಏರಿಸಿ, ಕೆಳಗೆ ಬೆಂಕಿ ಹಾಕಿ, ಒಂದು ವಾರದೊಳಗೆ ಹಳದಿ ಮಾಡಿ ಮುಗಿಸುತ್ತಾರೆ. ನಮ್ಮ ಎಲೆಗೆ ಆ ಅವಸರವಿಲ್ಲ. ನೆರಳಿನಲ್ಲಿ ತೂಗುಹಾಕಿ ಬರೀ ಗಾಳಿಗೆ ಒಣಗಿಸುತ್ತಾರೆ. ಆಮೇಲೆ ರಾಶಿ ಹಾಕಿ ಗೋಣಿ ಮುಚ್ಚುತ್ತಾರೆ. ರಾಶಿ ತಾನಾಗಿ ಬೆಚ್ಚಗಾಗುತ್ತದೆ, ಮಗುಚುತ್ತಾರೆ, ಮತ್ತೆ ಮುಚ್ಚುತ್ತಾರೆ. ಹೀಗೆ ಎರಡು ವರ್ಷ ಕಳೆದ ಮೇಲೆ ಎಲೆಯ ಘಾಟು ಇಳಿದು ಕಂಪು ಉಳಿಯುತ್ತದೆ.

ನನ್ನನ್ನು ಸುತ್ತಿದವಳು ಚೆನ್ನಾಜಮ್ಮ. ಒಳಗಿನ ಎಲೆಗಳನ್ನು ಒತ್ತೊತ್ತಾಗಿ ಮಡಚಿ, ಅವುಗಳ ನಡುವೆ ಗಾಳಿಗೆ ದಾರಿ ಬಿಟ್ಟು, ಮೇಲೊಂದು ಎಲೆಯಿಂದ ಕಟ್ಟಿ, ಕೊನೆಗೆ ನರವಿಲ್ಲದ ನಯವಾದ ಎಲೆಯನ್ನು ಹೊದಿಸುತ್ತಿದ್ದಳು. ಸಡಿಲವಾದರೆ ಬೇಗ ಉರಿದುಹೋಗುತ್ತದೆ, ಬಿಗಿಯಾದರೆ ಉಸಿರೇ ಆಡುವುದಿಲ್ಲ. ಅವಳ ಹೆಬ್ಬೆರಳಿಗೆ ಆ ಅಳತೆ ಗೊತ್ತಿತ್ತು.

ಆ ಕೊಠಡಿಯಲ್ಲಿ ಒಂದು ಕಟ್ಟಳೆ ಇತ್ತು. ಕೆಲಸಕ್ಕೆ ಬರುವ ಹೆಂಗಸರು ಹೂ ಮುಡಿಯುವಂತಿಲ್ಲ, ತಲೆಗೆ ಎಣ್ಣೆ ಹಚ್ಚುವಂತಿಲ್ಲ, ವಾಸನೆಯ ಸೋಪಿನಲ್ಲಿ ಕೈ ತೊಳೆಯುವಂತಿಲ್ಲ. ನನ್ನನ್ನು ಸುತ್ತುವ ದಿನವೇ ಹೊಸಬಳೊಬ್ಬಳು ಮೊಳ ಮಲ್ಲಿಗೆ ಮುಡಿದು ಬಂದಿದ್ದಳು.

"ಹೂ ತಗ್ದು ಆಚೆ ಮಡಗ್ಬುಟ್ಟು ಬಾ ಕಣವ್ವ," ಎಂದಳು ಚೆನ್ನಾಜಮ್ಮ. "ಈ ಎಲೆ ಪಕ್ದಲ್ಲಿ ಏನಿಟ್ರೂ ಕುಡ್ಕಬುಡ್ತದೆ. ಕುಡುದ್ಮೇಲೆ ಉಗಿಯಕ್ಕೆ ಬರಕಿಲ್ಲ ಅದ್ಕೆ."

ಅದು ನಿಜ. ನಮಗೆ ಕಣ್ಣು ಕಿವಿಗಿಂತ ಮೊದಲು ಬಂದದ್ದು ವಾಸನೆ. ಹತ್ತಿರದಲ್ಲಿರುವುದನ್ನೆಲ್ಲ ನಾವು ಒಳಗೆ ಎಳೆದುಕೊಳ್ಳುತ್ತೇವೆ. ಹೊರಗೆ ಹೇಳಲು ಮಾತ್ರ ಯಾರಾದರೂ ಹಚ್ಚಬೇಕು.

ಇಪ್ಪತ್ತೈದು ಮಂದಿಯನ್ನು ಒಂದು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದರು. ನಾನು ತಳದ ಸಾಲಿನ ಮೂಲೆಯಲ್ಲಿದ್ದೆ. ಅಲ್ಲಿಂದ ಮೈಸೂರಿನ ಒಂದು ಅಂಗಡಿಗೆ ಹೋದೆವು. ಅಂಗಡಿಯ ದಸ್ತಗೀರ್ ಸಾಹೇಬರು ಗಾಜಿನ ಬೀರುವಿನಲ್ಲಿ ಒದ್ದೆ ಸ್ಪಂಜು ಇಟ್ಟು ನಮ್ಮನ್ನು ಒಣಗದಂತೆ ನೋಡಿಕೊಂಡರು. ಪಕ್ಕದ ಹಲಗೆಯಲ್ಲಿ ಪರದೇಶದ ಸಿಗಾರ್‌ಗಳು ಬಂಗಾರದ ಪಟ್ಟಿ ಕಟ್ಟಿಕೊಂಡು ಮೆರೆಯುತ್ತಿದ್ದವು. ನಮ್ಮ ಮೈಮೇಲೆ ಪಟ್ಟಿಯೂ ಇರಲಿಲ್ಲ, ನಮ್ಮ ಬೆಲೆಗೆ ಯಾರೂ ಬೆಚ್ಚಿಬೀಳುತ್ತಲೂ ಇರಲಿಲ್ಲ. ಹೀಗಾಗಿ ಹೆಚ್ಚಿನವರು ನಮ್ಮನ್ನು ನೋಡದೆಯೇ ಮುಂದೆ ಹೋಗುತ್ತಿದ್ದರು.

ಒಂದು ದಿನ ಬೆಳ್ಳಗಿನ ಅಂಗಿ ತೊಟ್ಟ, ಐವತ್ತೆಂಟರ ಆಸುಪಾಸಿನ ಗಂಡಸೊಬ್ಬರು ಬಂದರು. ಬಂಗಾರದ ಪಟ್ಟಿಯವರನ್ನು ದಾಟಿ ನಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿದರು.

"ಸಾಹೇಬ್ರೇ, ಇದನ್ನ ಸುತ್ತಿದ ಕೈ ಬೆಳಿಗ್ಗೆ ಹಾಲು ಕರೆದಿದೆ," ಎಂದರು.

ನನಗೆ ಮೈ ಜುಮ್ಮೆಂದಿತು. ಚೆನ್ನಾಜಮ್ಮ ದಿನಾ ಹಸುವಿನ ಹಾಲು ಕರೆದು, ಬೂದಿಯಲ್ಲಿ ಕೈ ಉಜ್ಜಿಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಅದು ನಮಗೆ ಮಾತ್ರ ಗೊತ್ತು ಎಂದುಕೊಂಡಿದ್ದೆವು.

"ಗೌಡ್ರೇ, ನಿಮ್ಮ ಮೂಗಿಗೆ ನನ್ನದೊಂದು ಸಲಾಂ," ಎಂದು ದಸ್ತಗೀರ್ ಸಾಹೇಬರು ನಕ್ಕು ಪೆಟ್ಟಿಗೆ ಕಟ್ಟಿಕೊಟ್ಟರು.

ಹೀಗೆ ನಾವು ಚಿಕ್ಕಮಗಳೂರಿಗೆ, ಹಾಲಪ್ಪಗೌಡರ ಮನೆಗೆ ಬಂದೆವು. ಗೌಡರು ಅಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಬೀಜದ ಹೊಟ್ಟು ಬಿಡಿಸಿ ಹಸನು ಮಾಡುವ ಕಾರ್ಖಾನೆಯಲ್ಲಿ, ಕಾಫಿಯ ರುಚಿ ನೋಡುವವರು. ತೋಟಗಳಿಂದ ಬಂದ ಪ್ರತಿ ಲಾಟಿನ ಮೂಟೆಗಳಿಂದ ಒಂದು ಹಿಡಿ ಬೀಜ ಹುರಿದು, ಪುಡಿ ಮಾಡಿ, ಸಾಲು ಬಟ್ಟಲುಗಳಲ್ಲಿ ಬಿಸಿನೀರು ಹುಯ್ದು ಇಡುತ್ತಾರಂತೆ. ಇವರು ಚಮಚದಲ್ಲಿ ಸೊರ್ರನೆ ಎಳೆದು, ಬಾಯಲ್ಲಿ ಆಡಿಸಿ, ಉಗಿದು, ಇದು ಸರಿ, ಇದರಲ್ಲಿ ಬೂಷ್ಟು ಇದೆ, ಇದು ಹುಳಿತಿದೆ ಎಂದು ಹೇಳಬೇಕು. ಬೂಷ್ಟು ಹಿಡಿದದ್ದು ಹಡಗು ಹತ್ತಿದರೆ ವರ್ಕ್ಸ್‌ನ ಹೆಸರು ಹೋದಂತೆ. ಊರಿನಲ್ಲಿ "ಹಾಲಪ್ಪಗೌಡರ ಮೂಗು" ಎಂದರೆ ಅದೇ ಒಂದು ಮೊಹರು.

ಆ ಮೂಗಿಗಾಗಿ ಮನೆಯೂ ಕಟ್ಟಳೆಯಲ್ಲಿ ನಡೆಯುತ್ತಿತ್ತು. ಗೌಡರ ಹೆಂಡತಿ ದೇವೀರಮ್ಮ ಕೆಲಸದ ದಿನ ಹೂ ಮುಡಿಯುತ್ತಿರಲಿಲ್ಲ. ಬೆಳಗಿನ ತಿಂಡಿಗೆ ಇಂಗು, ಬೆಳ್ಳುಳ್ಳಿ ಹಾಕುತ್ತಿರಲಿಲ್ಲ. ಇಪ್ಪತ್ತೇಳು ವರ್ಷದಿಂದ ಹೀಗೇ. ನಾನು ಹುಟ್ಟಿದ ಕೊಠಡಿಯ ನೆನಪಾಗಿ, ಇದು ನಮ್ಮದೇ ಮನೆ ಎನ್ನಿಸಿಬಿಟ್ಟಿತು.

ನಮ್ಮ ಸರದಿ ವಾರಕ್ಕೊಮ್ಮೆ, ಭಾನುವಾರ ಸಂಜೆ ನಾಲ್ಕು ಗಂಟೆಗೆ. ಅದಕ್ಕೆಂದೇ ಒಂದು ಹಳೆಯ ಉಣ್ಣೆಯ ಕೋಟು ಬೇರೆ ಗೂಟದಲ್ಲಿ ನೇತಾಡುತ್ತಿತ್ತು. ಹೊಗೆಯ ವಾಸನೆ ಸೋಮವಾರದ ಅಂಗಿಗೆ ಹತ್ತಬಾರದಲ್ಲ. ಗೌಡರು ಕೋಟು ತೊಟ್ಟು, ಕುರ್ಚಿಯಲ್ಲಿ ಕೂತು, ನಮ್ಮಲ್ಲೊಬ್ಬರನ್ನು ಎತ್ತಿಕೊಳ್ಳುತ್ತಿದ್ದರು. ಬ್ಲೇಡಿನಲ್ಲಿ ತುದಿಯ ಟೊಪ್ಪಿಯಷ್ಟನ್ನೇ ಕತ್ತರಿಸುತ್ತಿದ್ದರು. ಹಚ್ಚುವ ಮುಂಚೆ ಒಂದು ಸಲ ಸುಮ್ಮನೆ ಬಾಯಲ್ಲಿಟ್ಟು ಎಳೆದು, ಎಲೆಯ ಹಸಿ ರುಚಿ ನೋಡುತ್ತಿದ್ದರು. ಕಡ್ಡಿ ಗೀರಿದರೂ ಅದರ ಮದ್ದು ಉರಿದುಹೋಗುವವರೆಗೆ ಕಾಯುತ್ತಿದ್ದರು. ಬೆಂಕಿಯನ್ನು ನೇರವಾಗಿ ಮುಟ್ಟಿಸದೆ, ದೂರದಿಂದಲೇ ಕಾಯಿಸಿ, ತಿರುಗಿಸಿ ತಿರುಗಿಸಿ ಅಂಚೆಲ್ಲ ಒಂದೇ ಸಮ ಕೆಂಪಾದ ಮೇಲೆ ಮೊದಲ ಜುರಿಕೆ. ಆಮೇಲೆ ನಿಮಿಷಕ್ಕೊಂದು. ಹೊಗೆ ಬಾಯಲ್ಲಿರಬೇಕು, ಎದೆಗೆ ಇಳಿಯಬಾರದು ಎನ್ನುವುದು ಅವರ ನಿಯಮ.

ದೇವೀರಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತಿದ್ದರು. ಗೌಡರು ತಮಗೆ ಸಿಕ್ಕಿದ್ದನ್ನೆಲ್ಲ ಅವರಿಗೆ ವರದಿ ಮಾಡುತ್ತಿದ್ದರು.

"ಈಗ ಒಣಗಿದ ಮರ... ತಡಿ, ತಡಿ. ಅರ್ಧಕ್ಕೆ ಬಂತು ನೋಡು, ಹುರಿಗಡಲೆ ಶುರು. ಕೊನೇಲಿ ಮೆಣಸು ಬರುತ್ತೆ, ಬೇಕಾದ್ರೆ ಬರೆದಿಟ್ಕೋ."

"ನನಗೆ ಎಲ್ಲಾ ಒಂದೇ ಹೊಗೆ ಕಣ್ರೀ," ಎಂದು ದೇವೀರಮ್ಮ ನಗುತ್ತಿದ್ದರು.

ಒಮ್ಮೆ ತೋಟದ ಸಾಹುಕಾರರೊಬ್ಬರು ಪರದೇಶದ ಸಿಗಾರ್ ಹಿಡಿದುಕೊಂಡು ಬಂದು ಜಂಭ ಕೊಚ್ಚಿದಾಗ, ಗೌಡರು ಹೇಳಿದ್ದು ನೆನಪಿದೆ: "ನೀವು ಸೇದ್ತಿರೋದು ಹೆಸರು ಸಾಹುಕಾರ್ರೇ. ನಾನು ಸೇದ್ತಿರೋದು ಎಲೆ." ಪೆಟ್ಟಿಗೆಯೊಳಗೆ ನಾವೆಲ್ಲ ಒಂದಂಗುಲ ಉಬ್ಬಿದ್ದೆವು. ನಾಲ್ಕು ಭಾನುವಾರ ನಾಲ್ಕು ಮಂದಿ ಹೀಗೆ ಪೂರ್ತಿ ಬದುಕಿ, ಬಿಳಿಯ ಬೂದಿಯಾಗಿ ಹೋದರು. ಅವರನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಐದನೆಯ ವಾರ ಗೌಡರಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಎದ್ದ ಮೇಲಿನ ಮೊದಲ ಭಾನುವಾರ ಒಬ್ಬನನ್ನು ತೆಗೆದು, ಕತ್ತರಿಸಿ, ಹಚ್ಚದೆ ಎಳೆದರು. ಅಲ್ಲೇ ನಿಂತರು. ಮತ್ತೊಮ್ಮೆ ಎಳೆದರು. ಆಮೇಲೆ ಹಚ್ಚಿದರು, ಆದರೆ ವರದಿ ಬರಲಿಲ್ಲ.

"ಇವತ್ತೇನು ಸಿಕ್ತು?" ಎಂದು ದೇವೀರಮ್ಮ ಕೇಳಿದರು.

"ಅದೇ. ಹುರಿಗಡಲೆ."

ಅದು ಮೂರನೆಯ ಜುರಿಕೆ. ಹುರಿಗಡಲೆ ಬರುವುದು ಅರ್ಧ ದಾರಿ ಸವೆದ ಮೇಲೆ ಎನ್ನುವುದು ನಮಗೆಲ್ಲ ಗೊತ್ತಿತ್ತು. ಪೆಟ್ಟಿಗೆಯಲ್ಲಿ ಯಾರೂ ಅಲ್ಲಾಡಲಿಲ್ಲ.

ಮಾರನೆಯ ದಿನ ದೇವೀರಮ್ಮ ಹಿಟ್ಟಿನ ಗಿರಣಿಗೆ ಹೋದಾಗ ಗೌಡರು ಒಬ್ಬರೇ ಇಂಗಿನ ಡಬ್ಬ ತೆರೆದು ಮೂಸಿದರು. ಕಾಫಿಪುಡಿ ಮೂಸಿದರು. ಸೀಮೆಎಣ್ಣೆಯ ಸೀಸೆಯ ಬಿರಡೆ ಕಿತ್ತು ಮೂಗಿಗೇ ಹಿಡಿದುಕೊಂಡರು. ಕೊನೆಗೆ ನಮ್ಮ ಪೆಟ್ಟಿಗೆ ತೆರೆದು ಮುಖವನ್ನೇ ಒಳಗಿಟ್ಟರು. ಅವರ ಉಸಿರು ನಮ್ಮ ಮೇಲೆ ಹಾದು, ಏನನ್ನೂ ತೆಗೆದುಕೊಳ್ಳದೆ ವಾಪಸು ಹೋಯಿತು. ಹಾಲು ಕರೆದ ಕೈಯನ್ನು ಪತ್ತೆ ಮಾಡಿದ ಮೂಗು ಅದು. ಆ ಹೊತ್ತು ನನಗಾದ ಭಯವನ್ನು ಹೇಗೆ ಹೇಳಲಿ, ತಿಳಿಯದು.

ಮನೆಯಲ್ಲಾಗಲಿ ವರ್ಕ್ಸ್‌ನಲ್ಲಾಗಲಿ ಅವರು ಯಾರಿಗೂ ಹೇಳಲಿಲ್ಲ. ಕೆಲಸ ಹೋಗುವುದು ಒಂದು ಕಡೆ, ಅದಕ್ಕಿಂತ ಹೆಚ್ಚಾಗಿ, ಮೂಗಿಲ್ಲದ ಹಾಲಪ್ಪಗೌಡ ಎಂದರೆ ಯಾರು ಎಂಬುದು ಅವರಿಗೇ ಗೊತ್ತಿರಲಿಲ್ಲವೇನೋ. ಹೇಳುವ ಬದಲು ಬೇರೆಯವರ ಮುಖ ಓದುವುದನ್ನು ಕಲಿತರು, ವರ್ಕ್ಸ್‌ನಲ್ಲಿ ಪಕ್ಕದಲ್ಲಿ ನಿಂತು ಕೆಲಸ ಕಲಿಯುವವರದು, ಮನೆಯಲ್ಲಿ ಹೆಂಡತಿಯದು. ಒಲೆಯ ಮೇಲೆ ಹಾಲು ಸೀಯತೊಡಗಿದರೆ ದೇವೀರಮ್ಮನ ಹುಬ್ಬು ಗಂಟಾಗುವುದನ್ನೇ ನೋಡಿಕೊಂಡಿದ್ದು, ಆಕೆ ಬಾಯಿ ತೆರೆಯುವ ಮುಂಚೆಯೇ, "ಹಾಲು ಸೀಯ್ತಿದೆ ನೋಡೇ," ಎನ್ನುತ್ತಿದ್ದರು.

"ಅಬ್ಬ, ನಿಮ್ಮ ಮೂಗಿಂದ ಏನೂ ತಪ್ಪಿಸ್ಕೊಳ್ಳಲ್ಲ," ಎಂದು ಆಕೆ ಹೆಮ್ಮೆಯಿಂದ ಒಳಗೆ ಓಡುತ್ತಿದ್ದರು.

ಆಕೆ ಹೂವಿಲ್ಲದೆ, ಇಂಗಿಲ್ಲದೆ ಇನ್ನೂ ಅದೇ ಕಟ್ಟಳೆಯಲ್ಲಿದ್ದರು. ಗೌಡರು ಅದನ್ನು ನೋಡುತ್ತಾ ಸುಮ್ಮನಿದ್ದರು. ನನಗೆ ಅವರ ಮೇಲೆ ಮೊದಲ ಸಲ ಸಿಟ್ಟು ಬಂದದ್ದು ಆಗ.

ಭಾನುವಾರಗಳು ಮಾತ್ರ ನಿಲ್ಲಲಿಲ್ಲ. ಪ್ರತಿ ವಾರ ಒಬ್ಬನನ್ನು ಎತ್ತುವರು, ಹಚ್ಚುವರು, ಹಳೆಯ ವರದಿಯನ್ನೇ ಒಪ್ಪಿಸುವರು. ನಮ್ಮವರು ಯಾರಿಗೂ ಬೇಡದೆ ಉರಿದು ಹೋಗುತ್ತಿದ್ದರು. ಹೀಗೆ ಐದು ತಿಂಗಳು ಕಳೆದು, ಪೆಟ್ಟಿಗೆಯಲ್ಲಿ ನಾನೊಬ್ಬನೇ ಉಳಿದೆ.

ಅದು ಫೆಬ್ರವರಿಯ ಒಂದು ಭಾನುವಾರ. ಮಧ್ಯಾಹ್ನದ ಅಡುಗೆ ಮುಗಿಯುತ್ತಿದ್ದಂತೆ ಗ್ಯಾಸ್ ತೀರಿತು. ಗೌಡರೇ ಹೊಸ ಸಿಲಿಂಡರ್ ಎಳೆದು ತಂದು ರೆಗ್ಯುಲೇಟರ್ ಕೂಡಿಸಿದರು. ಕೂಡಿಸಿದ ಮೇಲೆ ಬಗ್ಗಿ ಮೂಸಿ ನೋಡುವುದು ಆ ಮನೆಯಲ್ಲಿ ಯಾವಾಗಲೂ ಅವರದೇ ಕೆಲಸ. ಬಗ್ಗಿದರು, ಮೂಸಿದರು, ಸರಿಯಾಗಿದೆ ಎಂದು ಎದ್ದರು.

ಸರಿಯಾಗಿರಲಿಲ್ಲ. ಒಳಗಿನ ವಾಷರ್ ಸೀಳಿತ್ತು. ನನ್ನ ಪೆಟ್ಟಿಗೆ ಇದ್ದದ್ದು ಅಡುಗೆಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ, ನೆಲಕ್ಕೆ ಗೇಣುದ್ದ ಮೇಲೆ. ಗ್ಯಾಸು ಭಾರದ ವಸ್ತು, ಮೇಲೆ ಏರುವುದಿಲ್ಲ. ನೆಲ ಹಿಡಿದು ಹರಿದು, ಮುಚ್ಚಳದ ಸಂದಿಯಿಂದ ನನ್ನ ಹತ್ತಿರ ಮೊದಲು ಬಂತು. ಕೊಳೆತ ಎಲೆಕೋಸಿನಂಥ ಆ ನಾತವನ್ನು ನಾನು ಬೇಡವೆಂದರೂ ಕುಡಿದೆ. ಉಗಿಯಲು ಬರಲಿಲ್ಲ.

ಕ್ಯೂರಿಂಗ್ ವರ್ಕ್ಸ್‌ನ ಹಂಗಾಮು ಅದು. ಮಧ್ಯಾಹ್ನದ ಗಾಳಿಗೆ ಕಾಫಿಯ ಹೊಟ್ಟು ಹಾರಿ ಮನೆಯೆಲ್ಲ ಧೂಳಾಗುತ್ತದೆಂದು ದೇವೀರಮ್ಮ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಒಳಕೋಣೆಯಲ್ಲಿ ಮಲಗಿದರು. ಗೌಡರು ಪೇಪರು ಹಿಡಿದು ಕೂತರು. ಎರಡು ಗಂಟೆಯಾಯಿತು, ಮೂರಾಯಿತು. ನೆಲದಿಂದ ಒಂದಡಿ ಎತ್ತರಕ್ಕೆ ಅದು ತುಂಬಿಕೊಂಡಿತು. ಗೌಡರ ಕಾಲುಗಳು ಅದರಲ್ಲೇ ಇದ್ದವು.

ಮೂರೂವರೆಗೆ ದೇವೀರಮ್ಮ ಎದ್ದು ಬಂದು ಹೊಸ್ತಿಲಲ್ಲಿ ನಿಂತರು.

"ರೀ, ಗ್ಯಾಸ್ ವಾಸನೆ ಏನಾದ್ರೂ ಬರ್ತಿದೆಯಾ? ನನಗ್ಯಾಕೋ ಅನುಮಾನ."

ಗೌಡರು ಎದ್ದು ಆಕೆಯ ಮುಖ ನೋಡಿದರು. ಆಕೆ ಅವರ ಮುಖವನ್ನೇ ನೋಡುತ್ತಿದ್ದರು. ಇಪ್ಪತ್ತೇಳು ವರ್ಷ ಅವರ ಮೂಗನ್ನು ನಂಬಿ ನಂಬಿ ಆಕೆ ತನ್ನ ಮೂಗನ್ನೇ ನಂಬದವರಾಗಿದ್ದರು. ಹಾಗಾಗಿ ಆ ಮುಖದಲ್ಲಿ ಪ್ರಶ್ನೆ ಬಿಟ್ಟರೆ ಓದಲು ಏನೂ ಇರಲಿಲ್ಲ. ಗೌಡರು ತಲೆಯೆತ್ತಿ, ಕಣ್ಣು ಅರೆಮುಚ್ಚಿ, ದೀರ್ಘವಾಗಿ ಉಸಿರೆಳೆದರು.

"ಏನೂ ಇಲ್ಲ ಕಣೆ. ಹೊಸ ಸಿಲಿಂಡರ್ ಹಾಕಿದಾಗ ಒಂಚೂರು ಬಂದಿರುತ್ತೆ, ಅಷ್ಟೆ."

"ನೀವು ಹೇಳಿದ್ಮೇಲೆ ಮುಗೀತು," ಎಂದು ಆಕೆ ಬಟ್ಟೆ ಮಡಚಲು ಒಳಗೆ ಹೋದರು.

ನಾಲ್ಕಕ್ಕೆ ಕೋಟು ಮೈಗೇರಿತು. ಪೆಟ್ಟಿಗೆ ತೆರೆಯಿತು. ಗೌಡರು ನನ್ನನ್ನು ಎತ್ತಿಕೊಂಡು ಬ್ಲೇಡು ಹಾಕಿದರು. ಟೊಪ್ಪಿ ಸೊಟ್ಟಗೆ ಹೋಯಿತು. ಬಾಯಲ್ಲಿಟ್ಟು ಎಳೆದರು. ಮಧ್ಯಾಹ್ನದಿಂದ ಕುಡಿದಿದ್ದನ್ನೆಲ್ಲ ನಾನು ಅವರ ನಾಲಿಗೆಯ ಮೇಲೆ ಸುರಿದೆ. ಎಲೆಯ ಕಂಪೆಲ್ಲ ಬಿಟ್ಟು ಆ ನಾತವೊಂದನ್ನೇ ಕೊಟ್ಟೆ. ಅವರಿಗೆ ಏನೂ ತಿಳಿಯಲಿಲ್ಲ. ಬೆಂಕಿಗೆಂದೇ ಹುಟ್ಟಿದ ನಾನು ಅವತ್ತು ಬೆಂಕಿ ಬೇಡ, ಬೇಡ ಎಂದು ಬೇಡಿಕೊಂಡೆ.

ಬೆಂಕಿಪೊಟ್ಟಣದಿಂದ ಕಡ್ಡಿ ಹೊರಗೆ ಬಂತು. ಅಷ್ಟರಲ್ಲಿ ಬಾಗಿಲು ಬಡಿಯಿತು.

ಬಂದವಳು ಜಸಿಂತಾ. ವರ್ಕ್ಸ್‌ನಲ್ಲಿ ಗೌಡರ ಪಕ್ಕದಲ್ಲಿ ನಿಂತು ಮೂರು ವರ್ಷದಿಂದ ಕೆಲಸ ಕಲಿಯುತ್ತಿದ್ದ ಹುಡುಗಿ.

"ಭಾನುವಾರ ತೊಂದರೆ ಕೊಡ್ತಿದ್ದೀನಿ ಸರ್. ನಿನ್ನೆಯ ಆ ಲಾಟು ನಾಳೆ ಲಾರಿಗೆ ಹೋಗುತ್ತೆ. ಅದನ್ನ ಇನ್ನೊಂದ್ಸಲ ನೋಡೋಣ್ವಾ ಅಂತ..." ಎನ್ನುತ್ತಾ ಒಳಗೆ ಕಾಲಿಟ್ಟಳು. ಮಾತು ಅಲ್ಲಿಗೇ ನಿಂತಿತು.

"ಬಾ, ಕೂತ್ಕೋ," ಎಂದು ಗೌಡರು ಕುರ್ಚಿಗೆ ಮರಳಿ ಕಡ್ಡಿಯನ್ನು ಪೊಟ್ಟಣಕ್ಕೆ ಒತ್ತಿ ಹಿಡಿದರು. "ದೇವೀರಿ, ಜಸಿಂತಾ ಬಂದಿದ್ದಾಳೆ. ಕಾಫಿ ಇಡು."

ಒಳಗೆ ಬಳೆ ಸದ್ದಾಯಿತು. ದೇವೀರಮ್ಮ ಅಡುಗೆಮನೆಗೆ ಹೋದರು.

ಜಸಿಂತಾ ಕೂರಲಿಲ್ಲ. ಅವಳ ಮೂಗಿನ ಹೊಳ್ಳೆ ಅರಳಿತು, ಹುಬ್ಬು ಕೂಡಿತು, ಕಣ್ಣು ಅಡುಗೆಮನೆಯ ಕಡೆಗೆ ಹೋಗಿ ಗೌಡರ ಕಡೆಗೆ ಬಂತು. ಆದರೆ ಬಾಯಿ ತೆರೆಯಲಿಲ್ಲ. ರುಚಿ ನೋಡುವ ಮೇಜಿನಲ್ಲಿ ಹಿರಿಯರು ಮಾತಾಡುವ ತನಕ ಕಿರಿಯರು ತುಟಿ ಬಿಚ್ಚುವಂತಿಲ್ಲ. ಇನ್ನೊಬ್ಬರ ಮಾತು ಕಿವಿಗೆ ಬಿದ್ದರೆ ನಾಲಿಗೆಯೂ ಅದನ್ನೇ ಹೇಳುತ್ತದೆ ಎಂದು ಗೌಡರೇ ಅವಳಿಗೆ ಕಲಿಸಿದ್ದರು. ಹಾಲಪ್ಪಗೌಡರು ಕೂತಿರುವ ಮನೆಯಲ್ಲಿ ವಾಸನೆಯ ಬಗ್ಗೆ ತಾನು ಹೇಳುವುದೇ? ಅವರಿಗೆ ಗೊತ್ತಿಲ್ಲದ್ದೇ? ಅವಳು ಅವರ ಮಾತಿಗೆ ಕಾಯುತ್ತಾ ನಿಂತಳು.

ಗೌಡರು ಆ ಮುಖವನ್ನು ನೋಡಿದರು. ಐದು ತಿಂಗಳು ಅವರ ಅನ್ನ ಆ ಮುಖದಿಂದಲೇ ಬಂದಿತ್ತು. ಕೆಟ್ಟ ಬಟ್ಟಲಿನ ಮುಂದೆ ಅದು ಹೇಗಿರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಡ್ಡಿ ಒತ್ತಿದ ಬೆರಳು ಹಾಗೆಯೇ ನಿಂತಿತು. ಇಲ್ಲಿ ಬಟ್ಟಲಿರಲಿಲ್ಲ. ಮುಖ ನೋಡಿ ಏನೋ ಕೆಟ್ಟಿದೆ ಎಂದು ತಿಳಿಯಬಹುದು, ಏನು ಎಂದು ತಿಳಿಯುವುದಿಲ್ಲ. ಅದನ್ನು ಕೇಳಲೇಬೇಕು.

"ಜಸಿಂತಾ," ಎಂದರು. "ಅದೇನು ವಾಸನೆ?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಸರ್... ಗ್ಯಾಸ್. ಮನೆ ತುಂಬಾ ಗ್ಯಾಸ್. ನಿಮಗೆ..."

ಅಡುಗೆಮನೆಯಲ್ಲಿ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಗೌಡರು ನನ್ನನ್ನೂ ಪೊಟ್ಟಣವನ್ನೂ ಹಿಡಿದುಕೊಂಡೇ ಎದ್ದು ನುಗ್ಗಿದರು.

"ದೇವೀರಿ, ಹಚ್ಚಬೇಡ!"

ದೇವೀರಮ್ಮನ ಎಡಗೈ ಒಲೆಯ ತಿರುಪಿನ ಮೇಲಿತ್ತು, ಬಲಗೈಯಲ್ಲಿ ಲೈಟರ್. ಹೆಬ್ಬೆರಳು ಅದರ ಗುಂಡಿಯ ಮೇಲೆ. ಆಕೆ ತಿರುಗಿ ನೋಡಿದರು, ಕೈ ತೆಗೆಯಲಿಲ್ಲ.

"ಯಾಕ್ರೀ? ಈಗ ತಾನೇ ನೀವೇ ಏನೂ ಇಲ್ಲ ಅಂದ್ರಲ್ಲ."

"ನನಗೆ ವಾಸನೆ ಬರಲ್ಲ ಕಣೆ!" ಗೌಡರ ದನಿ ಒಡೆಯಿತು. "ಐದು ತಿಂಗಳಾಯ್ತು. ಏನೂ ಬರಲ್ಲ. ಅದನ್ನ ಕೆಳಗಿಡು. ದೇವೀರಿ, ನಿನ್ನ ಕಾಲಿಗೆ ಬೀಳ್ತೀನಿ, ಕೆಳಗಿಡು."

ಲೈಟರ್ ನಿಧಾನವಾಗಿ ಕಟ್ಟೆಯ ಮೇಲೆ ಕೂತಿತು.

"ಸ್ವಿಚ್ ಯಾವುದನ್ನೂ ಮುಟ್ಟಬೇಡಿ," ಎಂದು ಜಸಿಂತಾ ಒಳಗೆ ಬಂದು ರೆಗ್ಯುಲೇಟರ್ ತಿರುಗಿಸಿದಳು. ಗೌಡರು ಕಿಟಕಿಗಳನ್ನು ಒಂದೊಂದಾಗಿ ದಬದಬನೆ ತೆರೆದರು. ಇಬ್ಬರೂ ಸೇರಿ ಸಿಲಿಂಡರನ್ನು ಹಿತ್ತಲಿಗೆ ಹೊತ್ತರು. ಕಾಫಿಯ ಹೊಟ್ಟು ಗಾಳಿಯ ಜೊತೆ ಮನೆಯೊಳಗೆಲ್ಲ ಬಂದು ಬಿತ್ತು. ಅವತ್ತು ಯಾರೂ ಅದನ್ನು ಗುಡಿಸಲಿಲ್ಲ.

ಜಸಿಂತಾಳನ್ನು ಗೌಡರು ಅಂಗಳದಲ್ಲೇ ಕೇಳಿದರು: "ಆ ಲಾಟಲ್ಲಿ ಬೂಷ್ಟಿತ್ತಾ?"

"ಇತ್ತು ಸರ್. ನೀವು ಸರಿ ಇದೆ ಅಂ‍ದ್ರಿ. ಮುಖ ಮಾಡಬಾರ್ದು ಅಂತ ಹೋದ ವಾರ ಎಲ್ಲರೆದುರು ಬೈದಿದ್ರಲ್ಲ, ಅದಕ್ಕೆ ಮುಖ ಬಿಗಿಹಿಡಿದು ನಿಂತಿದ್ದೆ."

"ನಾಳೆ ಲಾರಿ ನಿಲ್ಲಿಸ್ತೀನಿ. ಯಾಕೆ ಅಂತಾನೂ ನಾನೇ ಹೇಳ್ತೀನಿ."

ಅವಳು ಹೋದ ಮೇಲೆ ದೇವೀರಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಗೌಡರು ಒಂದು ಮೆಟ್ಟಿಲು ಕೆಳಗೆ ಕೂತರು. ನಾನು ಇನ್ನೂ ಅವರ ಬಲಗೈಯಲ್ಲೇ ಇದ್ದೆ.

"ಇಪ್ಪತ್ತೇಳು ವರ್ಷ ಹೂ ಮುಡೀದೆ ಇದ್ದಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದರು ದೇವೀರಮ್ಮ. "ಈ ಐದು ತಿಂಗಳು ಸುಮ್‌ಸುಮ್ನೆ ಬಿಡಿಸಿದ್ರಲ್ಲ, ಅದು ಹೊಟ್ಟೆ ಉರಿಸುತ್ತೆ."

"ತಪ್ಪಾಯ್ತು."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಜ್ವರ ಬಂದು ಹೋದ್ಮೇಲೆ ಕೆಲವರಿಗೆ ಹೀಗಾಗುತ್ತಂತೆ."

ಇದು ಅರ್ಧ ಸತ್ಯ. ಉಳಿದರ್ಧ ನನಗೆ ಗೊತ್ತು. ಡಾಕ್ಟರು ಹೇಳಿದ್ದನ್ನು ಗೌಡರು ಒಂದು ಚೀಟಿಯಲ್ಲಿ ಬರೆದುಕೊಂಡು ನಮ್ಮ ಪೆಟ್ಟಿಗೆಯ ತಳದಲ್ಲಿ, ನನ್ನ ಕೆಳಗೇ ಬಚ್ಚಿಟ್ಟಿದ್ದರು. ಆಕೆ ಮನೆಯಲ್ಲಿಲ್ಲದಾಗ ತೆಗೆದು ಮೆಲ್ಲನೆ ಓದಿಕೊಳ್ಳುತ್ತಿದ್ದರು. ಅದರಲ್ಲಿ ಇದ್ದದ್ದು ಇದು: ಜ್ವರದಿಂದಲೂ ಇರಬಹುದು, ಆದರೆ ಕೆಲವರಿಗೆ ಮೂಗು ಮೊದಲು ಹೋಗಿ, ಆಮೇಲೆ ನರದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಕೈ ನಡುಗತೊಡಗಿದರೆ ಒಂದು ದಿನವೂ ತಡಮಾಡದೆ ಬರಬೇಕು.

ದೇವೀರಮ್ಮ ಅವರ ಕಡೆ ತಿರುಗಿದರು.

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ? ಇದ್ರೆ ಈಗಲೇ ಹೇಳಿಬಿಡಿ. ಇವತ್ತು ಏನು ಹೇಳಿದ್ರೂ ತಡ್ಕೋತೀನಿ."

ಹೆದರಿದವರ ಕೈ ನಡುಗುವುದನ್ನು ನಾನು ಬಲ್ಲೆ. ಆಗ ಐದೂ ಬೆರಳು ನಡುಗುತ್ತವೆ, ಹೆದರಿಕೆ ಇಳಿದ ಹಾಗೆ ನಿಲ್ಲುತ್ತವೆ. ನನ್ನನ್ನು ಹಿಡಿದ ಆ ಕೈಯಲ್ಲಿ ನಾಲ್ಕು ಬೆರಳು ಆಗಲೇ ಸುಮ್ಮನಾಗಿದ್ದವು. ಹೆಬ್ಬೆರಳೊಂದೇ ಒಂದೇ ಸಮ ಅದುರುತ್ತಿತ್ತು. ಗೌಡರು ಅದನ್ನು ನೋಡಿದರು. ನನ್ನ ಸಮೇತ ಬಲಗೈಯನ್ನು ಕೋಟಿನ ಜೇಬಿಗೆ ಇಳಿಸಿದರು.

"ಇಷ್ಟೇ ಕಣೆ," ಎಂದರು.

ದೇವೀರಮ್ಮ ನಂಬಿದರು.

ಸೋಮವಾರ ಗೌಡರು ವರ್ಕ್ಸ್‌ಗೆ ಹೋಗಿ ಲಾರಿ ನಿಲ್ಲಿಸಿ, ಎಲ್ಲರೆದುರು ತಮ್ಮ ಮೂಗಿನ ವಿಷಯ ಹೇಳಿದರು. ಬೈಗುಳ ಬರುತ್ತದೆಂದು ಹೋದವರಿಗೆ ಶಾಲು ಹೊದಿಸಿ ಕಳಿಸಿದರು. ಎಂಥ ಪ್ರಾಮಾಣಿಕ ಮನುಷ್ಯ ಎಂದು ಊರೇ ಆಡಿಕೊಂಡಿತು. ಜಸಿಂತಾ ಅವರ ಜಾಗಕ್ಕೆ ಬಂದಳು. ಅವಳ ಮೇಜಿನಲ್ಲಿ ಈಗ ಯಾರಿಗೆ ಮೊದಲು ವಾಸನೆ ಸಿಗುತ್ತದೋ ಅವರೇ ಮೊದಲು ಮಾತಾಡಬೇಕಂತೆ.

ನಾನು ಇನ್ನೂ ಕೋಟಿನ ಜೇಬಿನಲ್ಲೇ ಇದ್ದೇನೆ. ಕತ್ತರಿಸಿದ ಬಾಯಿಯಿಂದ ತೇವವೆಲ್ಲ ಹೋಗಿ ಒಣಗಿದ್ದೇನೆ, ಹೊದಿಕೆಯ ಎಲೆ ಎರಡು ಕಡೆ ಸೀಳಿದೆ. ಇನ್ನು ಹಚ್ಚಿದರೂ ನಾತವೇ ಬರುತ್ತದೆ. ಉರಿಯದ ಸಿಗಾರ್‌ಗೆ ಬದುಕಿಲ್ಲ ಎಂದು ಮೊದಲು ನಂಬಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಉರಿಯದೆ ಉಳಿದಿದ್ದರಿಂದ ಮೂವರು ಉಳಿದರಲ್ಲ, ಅದು ಸಣ್ಣ ಸಂಗತಿಯಲ್ಲ. ಆದರೆ ಉಳಿದ ಮೇಲೆ ನೋಡುತ್ತಾ ಇರಬೇಕಾಗುತ್ತದೆ, ಅದೇ ಕಷ್ಟ.

ದೇವೀರಮ್ಮ ಈಗ ದಿನವೂ ಹೂ ಮುಡಿಯುತ್ತಾರೆ, ಸಾರಿಗೆ ಧಾರಾಳವಾಗಿ ಇಂಗು ಹಾಕುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ರೆಗ್ಯುಲೇಟರ್ ಹತ್ತಿರ ಬಗ್ಗಿ ತಾವೇ ಮೂಸಿ ನೋಡುತ್ತಾರೆ. ಕಿಟಕಿ ಮುಚ್ಚುವುದೇ ಇಲ್ಲ. ಇನ್ನು ಈ ಮನೆಗೆ ಭಯವಿಲ್ಲ ಎಂದು ನೆರೆಯವರ ಹತ್ತಿರ ಹೇಳುವುದು ನನಗೂ ಕೇಳಿಸುತ್ತದೆ. ಪಾಪ, ಆಕೆ ಕಾವಲು ಕಾಯುತ್ತಿರುವುದು ಅಡುಗೆಮನೆಯನ್ನು.

ಗೌಡರು ಈಗ ಭಾನುವಾರ ಅಂತಿಲ್ಲ, ಎಲ್ಲ ದಿನವೂ ಆ ಕೋಟು ತೊಡುತ್ತಾರೆ. ಚಳಿ ಎನ್ನುತ್ತಾರೆ. ಏಪ್ರಿಲ್ಲಿನ ಬಿಸಿಲಿನಲ್ಲೂ ಚಳಿ ಎನ್ನುತ್ತಾರೆ. ದೇವೀರಮ್ಮ ಎದುರಿಗೆ ಬಂದಾಗಲೆಲ್ಲ ಅವರ ಬಲಗೈ ಜೇಬಿಗೆ ಇಳಿದು ನನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇಷ್ಟು ದಿನ ಹೆಬ್ಬೆರಳು ಒಂದೇ ಇತ್ತು. ನಿನ್ನೆಯಿಂದ ತೋರುಬೆರಳೂ ಅದುರತೊಡಗಿದೆ.